ಕಫ ಮತ್ತು ಕೀವಿನ ಕಲ್ಚರ್ ವರದಿ: ಮೇಲಿನಿಂದ ಕೆಳಕ್ಕೆ ಓದುವ ಕ್ರಮ

ಮುಂಬಯಿಯಲ್ಲಿ ಮಳೆಗಾಲ ಶುರುವಾದರೆ ನಾನು ಕೆಲಸ ಮಾಡುವ ಮೈಕ್ರೋಬಯಾಲಜಿ ಪ್ರಯೋಗಾಲಯಕ್ಕೆ ಎರಡು ಬಗೆಯ ಮಾದರಿಗಳು ಹೆಚ್ಚಾಗಿ ಬರತೊಡಗುತ್ತವೆ. ಒಂದು, ನ್ಯುಮೋನಿಯಾ ಇರಬಹುದೆಂಬ ಶಂಕೆಯಿರುವವರ ಕಫ. ಇನ್ನೊಂದು, ಕುರು, ಬಾವು ಮತ್ತು ಕಾಲಿನ ಗಾಯಗಳಿಂದ ತೆಗೆದ ಕೀವು. ಹೋಟೆಲಿನ ಅಡುಗೆಮನೆಯ ಬಿಸಿಯಲ್ಲಿ ದಿನವಿಡೀ ದುಡಿಯುವ ಉಡುಪಿ, ಕುಂದಾಪುರದ ಹುಡುಗರು, ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದ ಕುಟುಂಬಗಳು, ಮಾಟುಂಗಾ ಮತ್ತು ಡೊಂಬಿವಲಿಯಲ್ಲಿ ದಶಕಗಳಿಂದ ನೆಲೆಸಿರುವ ಮಧುಮೇಹವುಳ್ಳ ಹಿರಿಯರು, ಹೀಗೆ ನಮ್ಮವರ ಹೆಸರುಗಳೂ ಆ ಚೀಟಿಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ.

ಕಲ್ಚರ್ ಎಂದರೆ ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ತಟ್ಟೆಯ ಮೇಲೆ ಬೆಳೆಸಿ, ಅದು ಯಾವುದು, ಯಾವ ಔಷಧಕ್ಕೆ ಮಣಿಯುತ್ತದೆ ಎಂದು ನೋಡುವ ಪರೀಕ್ಷೆ. ಎರಡು ಮೂರು ದಿನ ಕಾದ ಮೇಲೆ ಕೈಗೆ ಬರುವ ಅದರ ವರದಿಯಲ್ಲಿ ಒಂದು ಬ್ಯಾಕ್ಟೀರಿಯಾದ ಹೆಸರು, ಅದರ ಕೆಳಗೆ ಹತ್ತು ಹದಿನೈದು ಔಷಧಗಳ ಪಟ್ಟಿ, ಪ್ರತಿಯೊಂದರ ಮುಂದೆ ಎಸ್ (ಔಷಧಕ್ಕೆ ಮಣಿಯುತ್ತದೆ), ಐ (ಇದರ ಅರ್ಥ ಮುಂದೆ ಹೇಳುತ್ತೇನೆ) ಅಥವಾ ಆರ್ (ಮಣಿಯದು) ಎಂಬ ಅಕ್ಷರ ಇರುತ್ತದೆ. ವರದಿ ಕೊಡುವ ಕಿಟಕಿಯ ಬಳಿ ಕಲಬುರಗಿ ಕಡೆಯ ತಾಯಿಯೊಬ್ಬರು, "ಅಕ್ಕಾರ, ಇದರಾಗ ಎಸ್ ಅಂತ ಬರದದ್ದು ಯಾವುದು ತಗೊಂಡ್ರೂ ನಡೀತದಲ್ರೀ?" ಎಂದು ಕೇಳಿದ್ದರು. ಓದಿದವರೂ ಇದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತಾರೆ. ಉತ್ತರವೆಂದರೆ, ನಡೆಯುವುದಿಲ್ಲ. ಎಸ್ ಎಂಬ ಅಕ್ಷರ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಬಗ್ಗೆ ಮಾತ್ರ ಹೇಳುತ್ತದೆ. ಆ ಬ್ಯಾಕ್ಟೀರಿಯಾವೇ ರೋಗಕ್ಕೆ ಕಾರಣವೇ, ಆ ಔಷಧ ಸೋಂಕಿರುವ ಜಾಗವನ್ನು ತಲುಪಿ ಅಲ್ಲಿ ಕೆಲಸ ಮಾಡುತ್ತದೆಯೇ, ರೋಗಿಯ ಮೂತ್ರಪಿಂಡ ಅದನ್ನು ತಾಳಿಕೊಳ್ಳುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದ ವರದಿಯನ್ನು ಮೇಲಿನಿಂದ ಕೆಳಕ್ಕೆ, ಮಾದರಿಯಿಂದ ಆರಂಭಿಸಿ ಓದಬೇಕು. ಎಸ್ ಸಾಲುಗಳಿಗೆ ಕೊನೆಗೆ ಬರಬೇಕು. ಔಷಧವನ್ನು ನಿರ್ಧರಿಸುವವರು ವೈದ್ಯರೇ. ಆದರೆ ವರದಿಯನ್ನು ಅರ್ಥಮಾಡಿಕೊಂಡ ಮನೆಯವರು ಸರಿಯಾದ ಮಾದರಿಯನ್ನು ಕೊಡುತ್ತಾರೆ, ಸರಿಯಾದ ಪ್ರಶ್ನೆಯನ್ನು ಕೇಳುತ್ತಾರೆ. ಅದರಿಂದ ಚಿಕಿತ್ಸೆಯ ದಾರಿಯೇ ಬದಲಾಗುವುದನ್ನು ನಾನು ಕಂಡಿದ್ದೇನೆ.

ಮೊದಲಿಗೆ: ವರದಿಗಾಗಿ ಕಾಯಬಾರದ ಸಂದರ್ಭಗಳು

ವಯಸ್ಕರಲ್ಲಿ ಉಸಿರಾಟ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಮಾತು ಗೊಂದಲವಾಗುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ, ರಕ್ತದೊತ್ತಡ ಕುಸಿದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಚರ್ಮದ ಸೋಂಕಿನಲ್ಲಿ ಕೆಂಪು ಗಂಟೆಗಂಟೆಗೆ ಹರಡುತ್ತಿದ್ದರೆ, ಹೊರಗೆ ಕಾಣುವುದಕ್ಕಿಂತ ನೋವು ವಿಪರೀತವಾಗಿದ್ದರೆ, ಚರ್ಮ ಕಪ್ಪಾಗಿ ಗುಳ್ಳೆಯೇಳುತ್ತಿದ್ದರೆ ಅದು ಆಳದ ಅಂಗಾಂಶವನ್ನು ಕೊಳೆಸುವ ಸೋಂಕಾಗಿರಬಹುದು. ಅಲ್ಲಿ ಕೆಲವು ಗಂಟೆಗಳ ತಡವೂ ಕಾಲನ್ನೋ ಜೀವವನ್ನೋ ಕಸಿಯಬಲ್ಲದು. ಇಂಥ ಸಂದರ್ಭಗಳಲ್ಲಿ ವೈದ್ಯರು ಅಂದಾಜಿನ ಮೇಲೆ ಆ್ಯಂಟಿಬಯಾಟಿಕ್ ಆರಂಭಿಸಿ, ವರದಿ ಬಂದ ಮೇಲೆ ಅದನ್ನು ಬದಲಿಸುತ್ತಾರೆ. ಕಾಯಿಲೆ ಸಾಧಾರಣವಾಗಿದ್ದರೆ ಮನೆಯಲ್ಲೇ ಚಿಕಿತ್ಸೆ ಪಡೆಯುವ ನ್ಯುಮೋನಿಯಾಕ್ಕೆ ಅಥವಾ ಕೀವಿಲ್ಲದ ಸೆಲ್ಯುಲೈಟಿಸ್‌ಗೆ (ಚರ್ಮ ಕೆಂಪಾಗಿ ಊದುವ ಸೋಂಕಿಗೆ) ಕಲ್ಚರ್ ಬೇಡವೆಂದು ವೈದ್ಯರು ಹೇಳುವುದೂ ಉಂಟು. ಅದು ನಿರ್ಲಕ್ಷ್ಯವಲ್ಲ, ಏಕೆಂದರೆ ಅಲ್ಲಿ ಕಲ್ಚರಿನಿಂದ ಸಿಗುವ ಮಾಹಿತಿ ಬಹಳ ಕಡಿಮೆ.

ಹೆಜ್ಜೆ ಒಂದು: ಮಾದರಿಯನ್ನು ಸರಿಯಾಗಿ ಕೊಡುವುದು

ಇಡೀ ವರದಿ ನಿಂತಿರುವುದು ಈ ಹೆಜ್ಜೆಯ ಮೇಲೆ. ಸಾಧ್ಯವಿದ್ದಲ್ಲೆಲ್ಲ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆಯೇ ಮಾದರಿ ಕೊಡಬೇಕು. ಮೆಡಿಕಲ್‌ನಿಂದ ತಂದ ಎರಡು ಮಾತ್ರೆ ನುಂಗಿ, ಜ್ವರ ಇಳಿಯಲಿಲ್ಲವೆಂದು ಮರುದಿನ ಕಫ ತಂದುಕೊಟ್ಟರೆ, ರೋಗ ತಂದ ಬ್ಯಾಕ್ಟೀರಿಯಾ ತಟ್ಟೆಯ ಮೇಲೆ ಬೆಳೆಯದೆ, ಬಾಯಿಯಲ್ಲಿ ಸದಾ ಇರುವ ಇತರ ಬ್ಯಾಕ್ಟೀರಿಯಾಗಳೇ ಬೆಳೆದು ದಾರಿ ತಪ್ಪಿಸಬಹುದು. ಈಗಾಗಲೇ ಔಷಧ ತೆಗೆದುಕೊಂಡಿದ್ದರೆ ಅದನ್ನು ಮುಚ್ಚಿಡಬಾರದು. ಹೆಸರನ್ನೂ ಕೊನೆಯ ಡೋಸ್ ತೆಗೆದುಕೊಂಡ ಸಮಯವನ್ನೂ ಚೀಟಿಯಲ್ಲಿ ಬರೆಸಬೇಕು.

ಕಫಕ್ಕೆ ಬೆಳಗಿನ ಹೊತ್ತು ಒಳ್ಳೆಯದು. ಬಾಯಿಯನ್ನು ಬರಿಯ ನೀರಿನಿಂದ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಬಂದದ್ದನ್ನು ಪ್ರಯೋಗಾಲಯ ಕೊಟ್ಟ ಡಬ್ಬಿಗೇ ಉಗುಳಬೇಕು. ನೊರೆನೊರೆಯಾದ ತೆಳು ಜೊಲ್ಲು ಉಪಯೋಗಕ್ಕೆ ಬಾರದು. ಗಟ್ಟಿಯಾದ, ಹಳದಿ ಅಥವಾ ತುಕ್ಕಿನ ಬಣ್ಣದ ಕಫ ಬೇಕು. ಡಬ್ಬಿಯನ್ನು ಎರಡು ಗಂಟೆಯೊಳಗೆ ತಲುಪಿಸಬೇಕು. ವಸಾಯಿಯಲ್ಲಿ ಬೆಳಗ್ಗೆ ತೆಗೆದ ಕಫವನ್ನು ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನ ಪರೇಲಿನ ಆಸ್ಪತ್ರೆಗೆ ತಂದರೆ, ನ್ಯುಮೋನಿಯಾದ ಪ್ರಮುಖ ಕಾರಣವಾದ ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೇ ದಾರಿಯಲ್ಲೇ ಸತ್ತು, ಬೇರೆ ಬ್ಯಾಕ್ಟೀರಿಯಾಗಳು ಹೆಚ್ಚಿಕೊಂಡಿರುತ್ತವೆ. ಆಸ್ಪತ್ರೆಯಲ್ಲೇ ಕುಳಿತು ಕೊಡುವುದು ಉತ್ತಮ.

ಕೀವಿನ ವಿಷಯದಲ್ಲಿ, ಗಾಯದ ಮೇಲ್ಮೈಯನ್ನು ಹತ್ತಿಯ ಸ್ವಾಬಿನಿಂದ ಸವರಿ ತೆಗೆದ ಮಾದರಿಗಿಂತ, ಚರ್ಮವನ್ನು ಶುಚಿಗೊಳಿಸಿ ಒಳಗಿನಿಂದ ಸಿರಿಂಜಿನಲ್ಲಿ ಎಳೆದ ಕೀವು, ಅಥವಾ ಗಾಯವನ್ನು ತೊಳೆದು ಸತ್ತ ಅಂಗಾಂಶವನ್ನು ತೆಗೆದ ಮೇಲೆ ತಳದಿಂದ ಕತ್ತರಿಸಿದ ಸಣ್ಣ ತುಣುಕು ಎಷ್ಟೋ ಪಾಲು ನಂಬಿಕೆಗೆ ಅರ್ಹ. ಮಧುಮೇಹಿಗಳ ಕಾಲಿನ ಹುಣ್ಣಿನಲ್ಲಿ ಇದು ಇನ್ನಷ್ಟು ಮುಖ್ಯ. ಕುರುವಿಗೆ ಅರಿಶಿನ, ಸುಣ್ಣ ಹಚ್ಚಿಕೊಂಡು ಬರುವ ರೂಢಿ ನಮ್ಮವರಲ್ಲಿದೆ. ಮಾದರಿ ತೆಗೆಯುವ ತನಕ ಏನನ್ನೂ ಹಚ್ಚದಿರುವುದು ಒಳಿತು. ಕೀವು ಕಟ್ಟಿದ ಕುರುವಿಗೆ ಮೊದಲ ಚಿಕಿತ್ಸೆ ಅದನ್ನು ಕೊಯ್ದು ಕೀವು ಹೊರತೆಗೆಯುವುದೇ ಎಂಬುದನ್ನೂ ಇಲ್ಲೇ ಹೇಳಬೇಕು. ಕೀವು ಒಳಗೇ ಉಳಿದರೆ ವರದಿಯಲ್ಲಿ ಎಸ್ ಎಂದಿರುವ ಔಷಧವೂ ಸೋಲಬಹುದು.

ಆಸ್ಪತ್ರೆಗೆ ದಾಖಲಾದ ನ್ಯುಮೋನಿಯಾ ರೋಗಿಗೆ ರಕ್ತದ ಕಲ್ಚರ್ ಬರೆದರೆ, ವಯಸ್ಕರಿಂದ ಪ್ರತಿ ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ತೆಗೆಯುತ್ತಾರೆ, ಮತ್ತು ಎರಡು ಬೇರೆ ಜಾಗಗಳಿಂದ ತೆಗೆಯುತ್ತಾರೆ. "ಇಷ್ಟೊಂದು ರಕ್ತ ಯಾಕೆ" ಎಂದು ತಡೆಯಬೇಡಿ. ರಕ್ತ ಕಡಿಮೆಯಾದಷ್ಟೂ ಬ್ಯಾಕ್ಟೀರಿಯಾ ಸಿಗುವ ಸಂಭವ ಕಡಿಮೆ. ಎರಡು ಜಾಗದಲ್ಲೂ ಒಂದೇ ಬ್ಯಾಕ್ಟೀರಿಯಾ ಸಿಕ್ಕರೆ ಅದು ಚರ್ಮದಿಂದ ಅಂಟಿಕೊಂಡು ಬಂದದ್ದಲ್ಲವೆಂಬ ಭರವಸೆ ಹೆಚ್ಚು.

ಮುಂಬಯಿಯಲ್ಲಿ ವಾಸಿಸುವವರು ಕಫ ಕೊಡುವಾಗಲೇ ಕೇಳಬೇಕಾದ ಇನ್ನೊಂದು ಮಾತಿದೆ: ಕ್ಷಯದ ಪರೀಕ್ಷೆಯೂ ಬೇಕೇ? ಸಾಮಾನ್ಯ ಕಲ್ಚರಿನಲ್ಲಿ ಕ್ಷಯದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಕೆಮ್ಮು ಎರಡು ವಾರ ದಾಟಿದ್ದರೆ, ತೂಕ ಇಳಿಯುತ್ತಿದ್ದರೆ, ಸಂಜೆಯ ಜ್ವರ ಬರುತ್ತಿದ್ದರೆ ಕ್ಷಯದ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಕ್ಷಯ ಕೇಂದ್ರಗಳಲ್ಲಿ ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಟ್ರೂನ್ಯಾಟ್ ಯಂತ್ರ ಬೆಂಗಳೂರಿನ ಬಿಗ್‌ಟೆಕ್ ಸಂಸ್ಥೆಯಲ್ಲಿ ರೂಪುಗೊಂಡು ಗೋವಾದ ಮೋಲ್‌ಬಯೋ ಕಂಪನಿಯಿಂದ ತಯಾರಾಗುವಂಥದ್ದು, ನಮ್ಮದೇ ನೆಲದ ಸಾಧನೆ. ಕ್ಷಯದ ಶಂಕೆಯಿದ್ದಾಗ ಲಿವೋಫ್ಲಾಕ್ಸಾಸಿನ್‌ನಂಥ ಮಾತ್ರೆಗಳನ್ನು ತಾವಾಗಿಯೇ ತೆಗೆದುಕೊಂಡರೆ ಅಪಾಯವಿದೆ. ಅವು ಕ್ಷಯದ ಬ್ಯಾಕ್ಟೀರಿಯಾದ ಮೇಲೂ ಸ್ವಲ್ಪ ಕೆಲಸ ಮಾಡುವುದರಿಂದ ರೋಗಿ ತಾತ್ಕಾಲಿಕವಾಗಿ ಚೇತರಿಸಿಕೊಂಡಂತೆ ಕಂಡು ನಿಜವಾದ ರೋಗ ಪತ್ತೆಯಾಗುವುದು ತಡವಾಗುತ್ತದೆ.

ಹೆಜ್ಜೆ ಎರಡು: ವರದಿಯ ಮೇಲ್ಭಾಗವನ್ನು ಓದುವುದು

ಹೆಸರು, ವಯಸ್ಸು, ಮಾದರಿಯ ಬಗೆ, ತೆಗೆದ ದಿನ ಸರಿಯಾಗಿವೆಯೇ ನೋಡಿ. ಆಮೇಲೆ ಗ್ರಾಂ ಸ್ಟೇನ್ ಎಂಬ ಸಾಲಿಗೆ ಬನ್ನಿ. ಮಾದರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಅಲ್ಲಿ ಬರೆದಿರುತ್ತೇವೆ. ಬಹಳಷ್ಟು ಜನ ಇದನ್ನು ಹಾರಿಸಿಬಿಡುತ್ತಾರೆ, ಆದರೆ ನಾನು ಮೊದಲು ನೋಡುವುದು ಇದನ್ನೇ. ಕಫದಲ್ಲಿ ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯ ಒಂದು ನೋಟಕ್ಕೆ 25ಕ್ಕಿಂತ ಹೆಚ್ಚು ಕೀವಿನ ಕಣಗಳೂ 10ಕ್ಕಿಂತ ಕಡಿಮೆ ಎಪಿಥೀಲಿಯಲ್ ಕೋಶಗಳೂ ಇದ್ದರೆ ಅದು ಎದೆಯಿಂದ ಬಂದ ಕಫವೆಂದು ಹೇಳಬಹುದು. ಎಪಿಥೀಲಿಯಲ್ ಕೋಶಗಳು ಬಾಯಿಯ ಒಳಪದರದಿಂದ ಉದುರುವಂಥವು. ಅವು ಹೆಚ್ಚಾಗಿ, ಕೀವಿನ ಕಣಗಳು ಕಡಿಮೆಯಾಗಿದ್ದರೆ ನಾವು ಪರೀಕ್ಷಿಸಿದ್ದು ಜೊಲ್ಲನ್ನು. ಅಂಥ ಮಾದರಿಯನ್ನು ತಿರಸ್ಕರಿಸಿ ಮತ್ತೆ ಕಳುಹಿಸಿರೆಂದು ಹೇಳುವ ಪ್ರಯೋಗಾಲಯದ ಮೇಲೆ ಸಿಟ್ಟಾಗಬಾರದು, ಅದು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ.

ಹೆಜ್ಜೆ ಮೂರು: ಬೆಳೆದದ್ದು ಯಾರು, ಅದೇ ಕಾರಣವೇ?

ಆಸ್ಪತ್ರೆಯ ಹೊರಗೆ ತಗುಲಿದ ನ್ಯುಮೋನಿಯಾದಲ್ಲಿ ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೇ, ಹಿಮೋಫಿಲಸ್ ಇನ್‌ಫ್ಲುಯೆಂಜೇ ಮುಖ್ಯ. ಕುಡಿತದ ಚಟ ಅಥವಾ ಮಧುಮೇಹ ಇದ್ದವರಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಕೂಡ ಕಾಣುತ್ತದೆ. ಐಸಿಯುದಲ್ಲಿ ವೆಂಟಿಲೇಟರ್ ಮೇಲಿರುವವರಲ್ಲಿ ಅಸಿನೆಟೋಬ್ಯಾಕ್ಟರ್, ಸ್ಯುಡೋಮೋನಾಸ್ ಮತ್ತು ಕ್ಲೆಬ್ಸಿಯೆಲ್ಲಾಗಳದ್ದೇ ಕಾಟ. ಚರ್ಮದಲ್ಲಿ ಕುರು, ಕೀವುಗುಳ್ಳೆಗಳಿಗೆ ಸ್ಟ್ಯಾಫಿಲೋಕಾಕಸ್ ಆರಿಯಸ್, ಕೀವಿಲ್ಲದೆ ಹರಡುವ ಕೆಂಪು ಬಾವಿಗೆ ಸ್ಟ್ರೆಪ್ಟೋಕಾಕಸ್ ಪಯೋಜಿನಿಸ್ ಹೆಚ್ಚಾಗಿ ಕಾರಣ.

ಬೆಳೆದದ್ದೆಲ್ಲ ಅಪರಾಧಿಯಲ್ಲ. ಕಫದಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದರೆ ಅದು ಬಾಯಿಯದ್ದಾಗಿರುತ್ತದೆ, ನ್ಯುಮೋನಿಯಾಕ್ಕೆ ಅದು ಕಾರಣವಾಗುವುದು ಬಹಳ ಅಪರೂಪ. ಹಳೆಯ ಹುಣ್ಣಿನ ಮೇಲ್ಮೈಯಿಂದ ತೆಗೆದ ಸ್ವಾಬಿನಲ್ಲಿ ಮೂರು ನಾಲ್ಕು ಬ್ಯಾಕ್ಟೀರಿಯಾ ಬೆಳೆದರೆ ಅವೆಲ್ಲಕ್ಕೂ ಔಷಧ ಬೇಕಿಲ್ಲ. ಜ್ವರ, ಊತ, ಕೆಂಪು, ಕೀವು ಇಲ್ಲದ ಹುಣ್ಣಿಗೆ ಆ್ಯಂಟಿಬಯಾಟಿಕ್ಕೇ ಬೇಡದಿರಬಹುದು. "ಇದು ಸೋಂಕೋ, ಸುಮ್ಮನೆ ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾವೋ?" ಎಂದು ವೈದ್ಯರನ್ನು ಕೇಳಿ.

ಹೆಜ್ಜೆ ನಾಲ್ಕು: ಅಕ್ಷರಗಳು ಮತ್ತು ಅಂಕಿಗಳು

ಎಸ್ ಎಂದರೆ ಸಾಮಾನ್ಯ ಡೋಸಿನಲ್ಲಿ ಆ ಔಷಧಕ್ಕೆ ಬ್ಯಾಕ್ಟೀರಿಯಾ ಮಣಿಯುವ ಸಂಭವ ಹೆಚ್ಚು, ಆರ್ ಎಂದರೆ ಮಣಿಯದು. ಐ ಎಂಬುದರ ಬಗ್ಗೆ ಗೊಂದಲ ಹೆಚ್ಚು. ಅಮೆರಿಕದ ಸಿಎಲ್‌ಎಸ್‌ಐ ಮಾನದಂಡ ಅನುಸರಿಸುವ ಪ್ರಯೋಗಾಲಯದಲ್ಲಿ ಅದು ನಡುವಿನ ಸ್ಥಿತಿ. ಯುರೋಪಿನ ಯೂಕ್ಯಾಸ್ಟ್ ಮಾನದಂಡದಲ್ಲಿ 2019ರಿಂದ ಅದರ ಅರ್ಥ, ಡೋಸ್ ಹೆಚ್ಚಿಸಿದರೆ ಮಣಿಯುತ್ತದೆ ಎಂಬುದು. ಯಾವ ಮಾನದಂಡ ಎಂಬುದು ವರದಿಯ ಕೆಳಭಾಗದಲ್ಲಿ ಇರಬೇಕು. ಕೊಲಿಸ್ಟಿನ್‌ಗೆ ಸಿಎಲ್‌ಎಸ್‌ಐ 2020ರಿಂದ ಎಸ್ ಎಂಬ ವರ್ಗವನ್ನೇ ತೆಗೆದುಹಾಕಿದೆ, ಏಕೆಂದರೆ ಕೊನೆಯ ಅಸ್ತ್ರವೆಂದು ಬಳಸುವ ಆ ಔಷಧ ಒಂಟಿಯಾಗಿ ಅಷ್ಟು ಭರವಸೆ ಕೊಡುವುದಿಲ್ಲ.

ಅಕ್ಷರದ ಪಕ್ಕದಲ್ಲಿ ಎಂಐಸಿ ಎಂಬ ಅಂಕಿಯಿದ್ದರೆ, ಅದು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲು ಬೇಕಾದ ಔಷಧದ ಕನಿಷ್ಠ ಸಾಂದ್ರತೆ. ಅಂಕಿ ಚಿಕ್ಕದಾಗಿರುವ ಔಷಧವೇ ಉತ್ತಮವೆಂದು ಹೋಲಿಸುವುದು ಬಹಳ ಸಾಮಾನ್ಯವಾದ ತಪ್ಪು. ಸಿಎಲ್‌ಎಸ್‌ಐ ಅನುಸರಿಸುವ ಒಂದೇ ಕ್ಲೆಬ್ಸಿಯೆಲ್ಲಾ ವರದಿಯಲ್ಲಿ ಅಮಿಕಾಸಿನ್ 4 ಎಂದಿದ್ದರೆ ಅದು ಎಸ್, ಮೆರೋಪೆನೆಮ್ 4 ಎಂದಿದ್ದರೆ ಅದು ಆರ್. ಪ್ರತಿ ಔಷಧಕ್ಕೂ ಅದರದೇ ಗಡಿಯಿದೆ, ಆದ್ದರಿಂದ ಅಂಕಿಗಳನ್ನು ಸಾಲಿನಿಂದ ಸಾಲಿಗೆ ಹೋಲಿಸಬಾರದು.

ಗಡಿ ಸೋಂಕಿರುವ ಜಾಗದೊಂದಿಗೂ ಬದಲಾಗುತ್ತದೆ. ಸಿಎಲ್‌ಎಸ್‌ಐ ಪ್ರಕಾರ ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೇಗೆ ಪೆನಿಸಿಲಿನ್‌ನ ಎಂಐಸಿ 2 ಬಂದರೆ, ನ್ಯುಮೋನಿಯಾದಲ್ಲಿ ರಕ್ತನಾಳದ ಮೂಲಕ ಕೊಡುವ ಪೆನಿಸಿಲಿನ್‌ಗೆ ಅದು ಎಸ್. ಅದೇ ಬ್ಯಾಕ್ಟೀರಿಯಾ ಮೆದುಳಿನ ಪೊರೆಯನ್ನು ಹಿಡಿದಿದ್ದರೆ 0.06 ದಾಟಿದ ಕೂಡಲೇ ಆರ್. ಬ್ಯಾಕ್ಟೀರಿಯಾ ಒಂದೇ, ಔಷಧ ಒಂದೇ, ಅಂಕಿ ಒಂದೇ. ಜಾಗ ಮಾತ್ರ ಬೇರೆ.

ಹೆಜ್ಜೆ ಐದು: ಚರ್ಮದ ವರದಿಯಲ್ಲಿ ಎರಡು ಸಾಲುಗಳನ್ನು ಹುಡುಕುವುದು

ಸ್ಟ್ಯಾಫಿಲೋಕಾಕಸ್ ಆರಿಯಸ್ ಬೆಳೆದಿದ್ದರೆ ಮೊದಲು ಸೆಫಾಕ್ಸಿಟಿನ್ ಸಾಲನ್ನು ನೋಡಿ. ಇದು ಚಿಕಿತ್ಸೆಗೆಂದು ಇಟ್ಟ ಸಾಲಲ್ಲ, ಪತ್ತೆಗೆಂದು ಇಟ್ಟದ್ದು. ಸೆಫಾಕ್ಸಿಟಿನ್‌ಗೆ ಆರ್ ಬಂದರೆ ಬ್ಯಾಕ್ಟೀರಿಯಾ ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್ ಎಂಬ ಔಷಧಕ್ಕೆ ಬಗ್ಗದ ಸ್ಟ್ಯಾಫಿಲೋಕಾಕಸ್ ಆರಿಯಸ್. ಮೆಕ್‌ಎ ಎಂಬ ಜೀನ್‌ನಿಂದಾಗಿ ಅದರ ಕೋಶಭಿತ್ತಿಯನ್ನು ಕಟ್ಟುವ ಪ್ರೋಟೀನು ಬದಲಾಗಿರುತ್ತದೆ. ಪೆನಿಸಿಲಿನ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಸೆಫಲೆಕ್ಸಿನ್, ಸೆಫ್ಟ್ರಿಯಾಕ್ಸೋನ್ ಯಾವುವೂ ಅದಕ್ಕೆ ಸರಿಯಾಗಿ ಅಂಟುವುದಿಲ್ಲ. ಸೆಫ್ಟಾರೋಲಿನ್‌ನಂಥ ಒಂದೆರಡನ್ನು ಬಿಟ್ಟು ಆ ಇಡೀ ಗುಂಪು ನಿರುಪಯುಕ್ತ. ಹೋಟೆಲ್ ಹುಡುಗರು ಒಂದೇ ಕೋಣೆಯಲ್ಲಿ ಮಲಗಿ ಟವೆಲ್, ರೇಜರ್ ಹಂಚಿಕೊಳ್ಳುವ ಕಡೆ ಒಬ್ಬನ ಕುರು ಇನ್ನೊಬ್ಬನಿಗೆ ದಾಟುವುದು ಸುಲಭ. ಕುರು ಪದೇ ಪದೇ ಆಗುತ್ತಿದ್ದರೆ ಕೋಣೆಯ ಎಲ್ಲರೂ ಬೇರೆ ಬೇರೆ ಟವೆಲ್ ಬಳಸುವಂತೆ ಮಾಲೀಕರು ನೋಡಿಕೊಳ್ಳಬೇಕು.

ಎರಡನೆಯದು ಡಿ-ಟೆಸ್ಟ್. ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾವನ್ನು ಸಮನಾಗಿ ಹರಡಿ, ಔಷಧ ತುಂಬಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಟ್ಟು 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಇಡುತ್ತೇವೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ದುಂಡನೆಯ ಬಯಲು ಉಳಿಯುತ್ತದೆ. ಎರಿತ್ರೋಮೈಸಿನ್ ಬಿಲ್ಲೆಯಿಂದ 15ರಿಂದ 26 ಮಿಲಿಮೀಟರ್ ದೂರದಲ್ಲಿ ಕ್ಲಿಂಡಾಮೈಸಿನ್ ಬಿಲ್ಲೆ ಇಡುತ್ತೇವೆ. ಮರುದಿನ ಬೆಳಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದಾಗ, ಕ್ಲಿಂಡಾಮೈಸಿನ್ ಸುತ್ತಲಿನ ಬಯಲು ದುಂಡಗಿರದೆ, ಎರಿತ್ರೋಮೈಸಿನ್ ಕಡೆಯ ಬದಿಯಲ್ಲಿ ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದಂತೆ ಕಂಡರೆ, ಆ ಬ್ಯಾಕ್ಟೀರಿಯಾದಲ್ಲಿ ಪ್ರತಿರೋಧದ ಜೀನ್ ಇದೆ, ಎರಿತ್ರೋಮೈಸಿನ್ ಸೋಕಿದೊಡನೆ ಎಚ್ಚೆತ್ತಿದೆ ಎಂದರ್ಥ. ಬರಿಯ ಕ್ಲಿಂಡಾಮೈಸಿನ್ ಬಿಲ್ಲೆಯನ್ನಷ್ಟೇ ಇಟ್ಟಿದ್ದರೆ ಎಸ್ ಎಂದೇ ಬರೆಯುತ್ತಿದ್ದೆವು, ರೋಗಿಗೆ ಔಷಧ ಕೊಡುತ್ತಿರುವಾಗಲೇ ಬ್ಯಾಕ್ಟೀರಿಯಾ ತಿರುಗಿ ನಿಲ್ಲುವ ಸಂಭವವಿತ್ತು. ಆದ್ದರಿಂದ ವರದಿಯಲ್ಲಿ ಎರಿತ್ರೋಮೈಸಿನ್ ಆರ್, ಕ್ಲಿಂಡಾಮೈಸಿನ್ ಎಸ್ ಎಂದಿದ್ದು ಡಿ-ಟೆಸ್ಟ್‌ನ ಉಲ್ಲೇಖವೇ ಇಲ್ಲದಿದ್ದರೆ, ಪ್ರಯೋಗಾಲಯಕ್ಕೆ ಕರೆ ಮಾಡಿ ಕೇಳುವ ಹಕ್ಕು ನಿಮಗಿದೆ. ವೈದ್ಯರ ಮೂಲಕ ಕೇಳಿದರೆ ಇನ್ನೂ ಒಳ್ಳೆಯದು.

ಸ್ಟ್ರೆಪ್ಟೋಕಾಕಸ್ ಪಯೋಜಿನಿಸ್ ಬೆಳೆದಿದ್ದರೆ ಸಮಾಧಾನದ ಸುದ್ದಿ. ಪೆನಿಸಿಲಿನ್ ಬಳಕೆಗೆ ಬಂದು ಎಂಟು ದಶಕಗಳಾದರೂ ಅದಕ್ಕೆ ಆ ಬ್ಯಾಕ್ಟೀರಿಯಾ ಇನ್ನೂ ಮಣಿಯುತ್ತದೆ. ದುಬಾರಿ ಇಂಜೆಕ್ಷನ್ ಬೇಕೇ ಬೇಕೆಂದು ಒತ್ತಾಯಿಸಬಾರದು.

ಹೆಜ್ಜೆ ಆರು: ಎಸ್ ಇದ್ದರೂ ಶ್ವಾಸಕೋಶಕ್ಕೆ ಸಲ್ಲದ ಔಷಧಗಳು

ಎಂಆರ್‌ಎಸ್‌ಎ ವರದಿಯಲ್ಲಿ ಡ್ಯಾಪ್ಟೋಮೈಸಿನ್‌ಗೆ ಎಸ್ ಎಂದಿರಬಹುದು. ಚರ್ಮದ ಗಂಭೀರ ಸೋಂಕಿಗೆ ಅದು ಒಳ್ಳೆಯ ಔಷಧ. ಆದರೆ ಶ್ವಾಸಕೋಶದ ಗಾಳಿಚೀಲಗಳನ್ನು ಸವರಿಕೊಂಡಿರುವ ಸರ್ಫ್ಯಾಕ್ಟಂಟ್ ಎಂಬ ದ್ರವ ಅದನ್ನು ಹಿಡಿದು ನಿಷ್ಕ್ರಿಯಗೊಳಿಸುವುದರಿಂದ ನ್ಯುಮೋನಿಯಾಕ್ಕೆ ಅದನ್ನು ಕೊಡುವುದಿಲ್ಲ. ಅಮಿಕಾಸಿನ್ ಶ್ವಾಸಕೋಶದೊಳಗೆ ಸಾಕಷ್ಟು ಇಳಿಯದ ಕಾರಣ ನ್ಯುಮೋನಿಯಾಕ್ಕೆ ಅದೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ನಮ್ಮಲ್ಲಿ ಎಲ್ಲಕ್ಕೂ ನುಂಗುವ ಸಿಪ್ರೋಫ್ಲಾಕ್ಸಾಸಿನ್ ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೇ ಮೇಲೆ ದುರ್ಬಲ. ಅದೇ ಎಂಆರ್‌ಎಸ್‌ಎಗೆ ಲೈನಿಜೋಲಿಡ್ ಶ್ವಾಸಕೋಶ, ಚರ್ಮ ಎರಡಕ್ಕೂ ಸಲ್ಲುತ್ತದೆ, ಮಾತ್ರೆಯಾಗಿಯೂ ಸಿಗುತ್ತದೆ. ಆದರೆ ಎರಡು ವಾರ ಮೀರಿದರೆ ಪ್ಲೇಟ್‌ಲೆಟ್ ಇಳಿಯುವ ಭಯವಿದೆ. ಔಷಧಕ್ಕೆ ಬಗ್ಗದ ಕ್ಷಯಕ್ಕೂ ಅದೇ ಆಸರೆ, ಆದ್ದರಿಂದ ಸಣ್ಣ ಕುರುವಿಗೆ ಅದನ್ನು ಖರ್ಚುಮಾಡುವುದು ಈ ನಗರದಲ್ಲಿ ಸರಿಯಲ್ಲವೆಂದು ನನ್ನ ದೃಢ ಅಭಿಪ್ರಾಯ.

ಕ್ಲೆಬ್ಸಿಯೆಲ್ಲಾ ವರದಿಯಲ್ಲಿ ಇಎಸ್‌ಬಿಎಲ್ ಎಂದಿದ್ದರೆ ಅದು ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳನ್ನು ಒಡೆದುಹಾಕುವ ಕಿಣ್ವವನ್ನು ತಯಾರಿಸುತ್ತಿದೆ. ಪಿಪರಾಸಿಲಿನ್-ಟಾಜೋಬ್ಯಾಕ್ಟಮ್‌ಗೆ ಎಸ್ ಎಂದಿದ್ದರೂ ವೈದ್ಯರು ಮೆರೋಪೆನೆಮ್ ಬರೆದರೆ ಅಚ್ಚರಿಪಡಬೇಡಿ. ರಕ್ತಕ್ಕೆ ಇಳಿದ ಇಂಥ ಸೋಂಕುಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಮೆರಿನೋ ಅಧ್ಯಯನದಲ್ಲಿ 30 ದಿನಗಳೊಳಗಿನ ಸಾವು ಪಿಪರಾಸಿಲಿನ್ ಗುಂಪಿನಲ್ಲಿ ಶೇ. 12.3, ಮೆರೋಪೆನೆಮ್ ಗುಂಪಿನಲ್ಲಿ ಶೇ. 3.7 ಇತ್ತು.

ಹೆಜ್ಜೆ ಏಳು: ಏನೂ ಬೆಳೆಯದಿದ್ದರೆ

"ನೋ ಗ್ರೋತ್" ಎಂದರೆ ಸೋಂಕಿಲ್ಲ ಎಂದಲ್ಲ. ಮುಂಚೆ ತೆಗೆದುಕೊಂಡ ಔಷಧ, ವೈರಸ್, ಕ್ಷಯ, ಅಥವಾ ಮೈಕೋಪ್ಲಾಸ್ಮಾ ಇರಬಹುದು. ಮೈಕೋಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲದ್ದರಿಂದ ಅಮಾಕ್ಸಿಸಿಲಿನ್ ಅದಕ್ಕೆ ನಾಟುವುದಿಲ್ಲ, ಸಾಮಾನ್ಯ ತಟ್ಟೆಯಲ್ಲಿ ಅದು ಬೆಳೆಯುವುದೂ ಇಲ್ಲ. ಮಳೆನೀರಿನಲ್ಲಿ ನಡೆದ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅದು ಇಲಿಜ್ವರವಿರಬಹುದು. ಅದೂ ಈ ವರದಿಯಲ್ಲಿ ಕಾಣುವುದಿಲ್ಲ, ಬೇರೆ ರಕ್ತಪರೀಕ್ಷೆ ಬೇಕು.

ಹೆಜ್ಜೆ ಎಂಟು: ವೈದ್ಯರ ಬಳಿ ಮತ್ತು ಮೆಡಿಕಲ್‌ನಲ್ಲಿ

ವರದಿ ಹಿಡಿದು ವೈದ್ಯರ ಬಳಿ ಹೋದಾಗ ಈಗ ಕೊಡುತ್ತಿರುವ ಔಷಧ ಪಟ್ಟಿಯಲ್ಲಿ ಎಸ್ ಆಗಿದೆಯೇ, ಅದಕ್ಕಿಂತ ಕಡಿಮೆ ವ್ಯಾಪ್ತಿಯ (ಕೆಲವೇ ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವ) ಔಷಧಕ್ಕೆ ಇಳಿಸಬಹುದೇ, ಇಂಜೆಕ್ಷನ್‌ನಿಂದ ಮಾತ್ರೆಗೆ ಯಾವಾಗ ಬದಲಿಸಬಹುದು, ಎಷ್ಟು ದಿನ ಎಂದು ಕೇಳಿ. ರೋಗಿ ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದರೆ ಆರ್ ಎಂದು ಬಂದರೂ, ಚೇತರಿಸದಿದ್ದರೆ ಎಸ್ ಎಂದು ಬಂದರೂ, ಎರಡನ್ನೂ ವೈದ್ಯರ ಗಮನಕ್ಕೆ ತನ್ನಿ. ತಾವಾಗಿ ನಿಲ್ಲಿಸುವುದಾಗಲಿ ಬದಲಿಸುವುದಾಗಲಿ ಬೇಡ. ಪೆನಿಸಿಲಿನ್ ಅಲರ್ಜಿ, ಮೂತ್ರಪಿಂಡದ ತೊಂದರೆ, ಗರ್ಭಿಣಿಯೆಂಬುದು, ಇವುಗಳನ್ನು ಕೇಳುವ ಮುಂಚೆಯೇ ಹೇಳಿ.

ಸೆಫ್ಟ್ರಿಯಾಕ್ಸೋನ್, ಮೆರೋಪೆನೆಮ್‌ನಂಥ ಔಷಧಗಳು 2014ರ ಮಾರ್ಚ್ 1ರಿಂದ ಎಚ್1 ಅನುಸೂಚಿಯಲ್ಲಿ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿ ಇವೆ. ಅವನ್ನು ಮಾರುವಾಗ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಟ್ಟು ಮೂರು ವರ್ಷ ಕಾಪಾಡಬೇಕು. ಚೀಟಿಯಿಲ್ಲದೆ ಕೊಡುವುದಿಲ್ಲವೆಂದು ಹೇಳುವ ಅಂಗಡಿಯವರು ನಿಮ್ಮ ಹಿತವನ್ನೇ ನೋಡುತ್ತಿದ್ದಾರೆ.

ಕೊನೆಯದಾಗಿ, ವರದಿಯನ್ನು ಕೇಸ್ ಪೇಪರಿನ ಜೊತೆ ಇಟ್ಟು ಅದರ ಚಿತ್ರವನ್ನು ಮೊಬೈಲಿನಲ್ಲೂ ತೆಗೆದಿಡಿ. ನಮ್ಮವರು ಕಾಯಿಲೆ ಅರ್ಧ ವಾಸಿಯಾದೊಡನೆ ವಿಶ್ರಾಂತಿಗೆಂದು ಊರಿಗೆ ಹೋಗುತ್ತಾರೆ, ಅಲ್ಲಿ ಜ್ವರ ಮರುಕಳಿಸಿದರೆ ಮಣಿಪಾಲದ ಅಥವಾ ವಿಜಯಪುರದ ವೈದ್ಯರು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಎಂಆರ್‌ಎಸ್‌ಎ ಅಥವಾ ಇಎಸ್‌ಬಿಎಲ್ ಎಂದು ಹಿಂದೆ ಬಂದಿದ್ದರೆ ಅದನ್ನೂ, ಕಳೆದ 90 ದಿನಗಳಲ್ಲಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮೂಲಕ ತೆಗೆದುಕೊಂಡ ಆ್ಯಂಟಿಬಯಾಟಿಕ್‌ಗಳ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಬರೆದು ಜೊತೆಗಿಟ್ಟರೆ, ಹೊಸ ವರದಿ ಬರುವ ತನಕ ಯಾವ ಔಷಧದಿಂದ ಆರಂಭಿಸಬೇಕೆಂದು ಅವರು ಅದರ ಆಧಾರದ ಮೇಲೆ ನಿರ್ಧರಿಸುತ್ತಾರೆ.